ಮುಚ್ಚಳ ಬಿಗಿದ ಡಬ್ಬಿ

ಮೂವತ್ತೈದು ದಾಟಿ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಿಕೂದಲು ಇಣುಕುತ್ತಿದ್ದರೂ ಅವಳು ಎಲ್ಲರಿಗೂ ಪುಟ್ಟಿಯೇ. ಅಣ್ಣ, ಅತ್ತಿಗೆ ಹಾಗೆ ಕರೆಯುವುದನ್ನು ಕೇಳಿ ಕೇಳಿ ಬಿಡಿಭಾಗದ ಅಂಗಡಿಯವನೂ, ಆಗಾಗ ಸುಟ್ಟ ಎಣ್ಣೆ ಒಯ್ಯಲು ಬರುವವನೂ ಹಾಗೇ ಕರೆಯತೊಡಗಿದ್ದರು. ಓಟದ ಕಾರುಗಳ ಇಂಜಿನ್ ಬಿಚ್ಚಿ ಕಟ್ಟುವುದು ಅವಳ ಕೆಲಸ, ಅಪ್ಪ ಕಲಿಸಿದ್ದು. ಅಪ್ಪ ಹೋದ ಮೇಲೆ ಗ್ಯಾರೇಜನ್ನು ಅಣ್ಣ ನೋಡಿಕೊಂಡ, ಇಂಜಿನ್ನುಗಳನ್ನು ಅವಳು ನೋಡಿಕೊಂಡಳು. ಒಳಗಿನದ್ದೆಲ್ಲ ಪುಟ್ಟಿಯದು. ಪೈಪು, ವೈರು, ಬಣ್ಣ, ಗಿರಾಕಿಯ ಜೊತೆಗಿನ ಮಾತು, ಹೀಗೆ ಹೊರಗಿನದ್ದೆಲ್ಲ ಅಣ್ಣನದು. ಕೆಳಗೆ ಗ್ಯಾರೇಜು, ಮೇಲೆ ಮನೆ, ನಡುವೆ ಒಂದು ಕಬ್ಬಿಣದ ಮೆಟ್ಟಿಲು. ಬೆಳಿಗ್ಗೆ ಇಳಿದರೆ ಕೆಲಸ, ಸಂಜೆ ಹತ್ತಿದರೆ ಊಟ. ಬೀದಿಗೆ ಕಾಲಿಡದೆ ವಾರಗಟ್ಟಲೆ ಕಳೆದುಹೋಗುತ್ತಿತ್ತು, ಕಳೆದದ್ದು ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ.

ಅಣ್ಣ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಒಳ್ಳೆಯವನು, ಅದೂ ಎದುರಿಗಿರುವವರಿಗೆ ಉಸಿರು ಬಿಡಲು ಜಾಗ ಕೊಡದಷ್ಟು ಒಳ್ಳೆಯವನು. ತಂಗಿಗೆ ಏನು ಬೇಕೆಂದು ತಂಗಿಗಿಂತ ಮೊದಲೇ ತಿಳಿದುಕೊಂಡುಬಿಡುತ್ತಿದ್ದ. ಅವಳಿಗೆ ಚಳಿಯಾಗುತ್ತದೆಂದು ಅವಳ ಬೆಂಚಿನ ಬಳಿಯ ಕಿಟಕಿಗೆ ಹಲಗೆ ಹೊಡೆದವನು ಅವನೇ. ಆ ಕಿಟಕಿಯಿಂದ ಬೀದಿ ಕಾಣುತ್ತಿತ್ತು ಎನ್ನುವುದು ಅವನ ತಲೆಗೆ ಹೋಗಿರಲೇ ಇಲ್ಲ.

ಆ ವರ್ಷ ಒಂದು ರೇಸಿನಲ್ಲಿ ಅವಳು ಕಟ್ಟಿದ ಇಂಜಿನ್ನನ್ನು ಪರೀಕ್ಷೆಗೆಂದು ಬಿಚ್ಚಿದಾಗ, ದೂರದ ಊರಿನ ತಂಡವೊಂದರ ಮುಖ್ಯ ಇಂಜಿನಿಯರ್ ಹತ್ತಿರ ನಿಂತು ನೋಡಿದ್ದರು. ಇದನ್ನು ಕಟ್ಟಿದವರು ಯಾರೆಂದು ಕೇಳಿದ್ದರು. ಅಣ್ಣ ಎದೆಯುಬ್ಬಿಸಿ, "ನಾವೇ ಸಾರ್," ಅಂದಿದ್ದ. ಇಂಜಿನಿಯರ್ ಅವನ ಮಾತು ಕೇಳಿಸಿಕೊಂಡು ಅವಳ ಕೈ ನೋಡಿದ್ದರು. ಆಮೇಲೊಂದು ದಿನ ನೇರವಾಗಿ ಅವಳಿಗೇ ಫೋನು ಮಾಡಿ, ನಮ್ಮಲ್ಲಿಗೆ ಬರುತ್ತೀರಾ ಅಂದರು. ಇರಲು ಒಂದು ಕೋಣೆ ಕೊಡುತ್ತೇವೆ, ಇಂಜಿನ್ ವಿಭಾಗ ನಿಮ್ಮದೇ, ತಿಂಗಳ ಕೊನೆಗೆ ಉತ್ತರ ಬೇಕು.

ಪುಟ್ಟಿ ಆ ಮಾತನ್ನು ಬಾಯಲ್ಲಿಟ್ಟುಕೊಂಡು ತಿಂಗಳೆಲ್ಲ ಓಡಾಡಿದಳು. ಹೇಳೋಣವೆಂದು ಒಮ್ಮೆ ಅಣ್ಣನನ್ನು ಮೆಟ್ಟಿಲ ಬಳಿ ನಿಲ್ಲಿಸಿದರೆ, ಅವನೇ ಮೊದಲು ಬಾಯಿಬಿಟ್ಟು ಗ್ಯಾರೇಜಿನ ಬೋರ್ಡು ಬದಲಾಯಿಸುವ ಯೋಚನೆ ಹೇಳಿದ. "ಇನ್ಮೇಲೆ 'ಅಣ್ಣ ತಂಗಿ' ಅಂತ ಬರೆಸೋಣ ಕಣೇ. ನಿನ್ನ ಕೈ ಇಲ್ದೆ ಈ ಗ್ಯಾರೇಜು ಎಲ್ಲಿದೆ?" ಅವನ ಕಣ್ಣು ಒದ್ದೆಯಾಗಿತ್ತು. ಅವಳು ಮಾತು ನುಂಗಿಕೊಂಡು, ಹಿನ್ನೆಲೆಗೆ ಯಾವ ಬಣ್ಣ ಎಂದು ಕೇಳಿದಳು.

ತಿಂಗಳ ಕೊನೆಯ ದಿನ ಮಧ್ಯಾಹ್ನ ಗಿರಾಕಿಯೊಬ್ಬರ, ಹಲ್ಲಿನ ಡಾಕ್ಟರ, ಕಾರನ್ನು ತಾಕತ್ತು ಅಳೆಯುವ ಡೈನೋ ಮೇಲೆ ಹತ್ತಿಸಿದ್ದರು. ಈ ಡಾಕ್ಟರು ವಾರವಿಡೀ ಜನರ ಹಲ್ಲು ಕೀಳುತ್ತಿದ್ದರು, ರಜೆ ಸಿಕ್ಕರೆ ರೇಸಿಗೆ ಓಡುತ್ತಿದ್ದರು. ಮೆತ್ತಗೆ ಮಾತಾಡುವ ಮನುಷ್ಯ, ಆದರೆ ಕಾರಿನ ವಿಷಯಕ್ಕೆ ಬಂದರೆ ಹಟಮಾರಿ. ಇಂಜಿನ್ನಿಗೆ ಗಾಳಿ ತುರುಕುವ ಟರ್ಬೋ ದೊಡ್ಡದಾಗಬೇಕು, ಒತ್ತಡ ಹೆಚ್ಚಬೇಕು, ತಾಕತ್ತು ಇನ್ನೂ ಬೇಕು. ಪುಟ್ಟಿ ಅದಕ್ಕೆ ತಕ್ಕಂತೆ ಇಂಜಿನ್ ಕಟ್ಟಿಕೊಟ್ಟಿದ್ದಳು.

ಯಾವ ಇಂಜಿನ್ನಾದರೂ, ಎಷ್ಟೇ ಚೆನ್ನಾಗಿ ಕಟ್ಟಿದರೂ, ಉರಿದ ಹೊಗೆಯಲ್ಲಿ ಒಂದಿಷ್ಟು ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗೆ ಎಣ್ಣೆಯಿರುವ ಹೊಟ್ಟೆಗೆ ಇಳಿಯುತ್ತದೆ. ಅದಕ್ಕೆ ಹೊರದಾರಿ ಬೇಕು. ಮಾಮೂಲಿ ಕಾರಿನಲ್ಲಿ ಒಂದು ಪೈಪು ಅದನ್ನು ಮತ್ತೆ ಇಂಜಿನ್ನಿಗೇ ಕುಡಿಸುತ್ತದೆ. ತಾಕತ್ತು ಹೆಚ್ಚಿಸಿದ ಕಾರಿನಲ್ಲಿ ನುಸುಳುವುದೂ ಹೆಚ್ಚು, ಜೊತೆಗೆ ಎಣ್ಣೆಯ ಹಬೆಯೂ ಬರುತ್ತದೆ. ಆ ಎಣ್ಣೆ ಪೆಟ್ರೋಲಿಗೆ ಬೆರೆತರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಪಿಸ್ಟನ್ನಿಗೇ ಸಂಚಕಾರ. ಅದಕ್ಕೇ ದಾರಿಯಲ್ಲಿ ಕ್ಯಾಚ್ ಕ್ಯಾನ್ ಎನ್ನುವ ಡಬ್ಬಿ ಕೂರಿಸುತ್ತಾರೆ. ಎಣ್ಣೆ ಡಬ್ಬಿಯ ತಳದಲ್ಲಿ ಉಳಿಯುತ್ತದೆ, ಗಾಳಿ ಮೇಲಿನ ಸಣ್ಣ ಫಿಲ್ಟರಿನಿಂದ ಹೊರಗೆ ಹೋಗುತ್ತದೆ. ಪುಟ್ಟಿಗೆ ತಾನೇ ಬೆಸುಗೆ ಹಾಕಿ ಒಂದು ಡಬ್ಬಿ ಮಾಡಿಕೊಡುವ ಮನಸ್ಸಿತ್ತು. ಡಾಕ್ಟರು ಎಲ್ಲಿಂದಲೋ ನೀಲಿ ಬಣ್ಣದ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದೊಂದನ್ನು ತರಿಸಿಕೊಂಡಿದ್ದರು. ಬಾನೆಟ್ ಎತ್ತಿದರೆ ಅದು ಒಡವೆಯ ಹಾಗೆ ಹೊಳೆಯುತ್ತಿತ್ತು. ಅದನ್ನು ಕೂರಿಸಿದವನು ಅಣ್ಣ.

ಡೈನೋ ಕೋಣೆ ಗ್ಯಾರೇಜಿನ ಹಿಂಭಾಗದಲ್ಲಿತ್ತು. ನೆಲದಲ್ಲಿ ಉರುಳೆಗಳು, ಅದರ ಮೇಲೆ ಕಾರನ್ನು ಪಟ್ಟಿಗಳಿಂದ ಬಿಗಿದು ನಿಂತಲ್ಲೇ ಓಡಿಸಿ ತಾಕತ್ತು ಅಳೆಯುವ ಏರ್ಪಾಡು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಸ್ಪಂಜು, ದಪ್ಪ ಕಬ್ಬಿಣದ ಬಾಗಿಲು, ಎರಡು ಪದರದ ಗಾಜಿನ ಒಂದು ಸಣ್ಣ ಕಿಟಕಿ. ಬಾಗಿಲ ಒಳಹಿಡಿ ಸವೆದುಹೋಗಿ ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಿತ್ತು. ಹೊರಗಿನಿಂದ ಮಾತ್ರ ತೆರೆಯಬಹುದಿತ್ತು. ಸರಿ ಮಾಡಿಸುತ್ತೇನೆ ಎಂದು ಅಣ್ಣ ಹೇಳುತ್ತಲೇ ಬಂದಿದ್ದ. ಅಲ್ಲಿಯವರೆಗೆ ಒಂದು ಹಳೇ ಟೈರನ್ನು ಸಂದಿಗೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಆವತ್ತು ಪಕ್ಕದ ಮನೆಯ ಸಂಗೀತದ ಟೀಚರು ಬೆಳಿಗ್ಗೆಯೇ ಬಂದು, ನಿಮ್ಮ ಕಾರಿನ ಶ್ರುತಿಗೆ ನಮ್ಮ ಮಕ್ಕಳು ಹಾಡುವ ಹಾಗಾಗಿದೆ ಎಂದು ಜಗಳ ಮಾಡಿ ಹೋಗಿದ್ದರು. ಅತ್ತಿಗೆ ಪಾರ್ಸೆಲ್ ಆಫೀಸಿಗೆ ಹೊರಟಿದ್ದವರು, "ಬಾಗಿಲು ಹಾಕ್ಕೊಂಡು ಮಾಡಿ ಮಾರಾಯ್ರೆ, ಆಯಮ್ಮನ ಬಾಯಿಗೆ ನಾನು ಬೀಳಲ್ಲ," ಎಂದು ಹೇಳಿ ಹೋದರು.

ಅಣ್ಣ ಟೈರನ್ನು ಕಾಲಲ್ಲೇ ಆಚೆ ತಳ್ಳಿದ. ಬಾಗಿಲು ಕ್ಲಿಕ್ಕೆಂದು ಕೂತಿತು.

"ಅತ್ತಿಗೆ ಬಂದು ತೆಗೀತಾಳೆ ಬಿಡು," ಅಂದ. ತನ್ನ ಹೆಂಡತಿಯನ್ನು ತಂಗಿಯ ಮುಂದೆ ಅವನು ಅತ್ತಿಗೆ ಎಂದೇ ಕರೆಯುತ್ತಿದ್ದ.

ಅವನು ಸ್ಟೀರಿಂಗ್ ಹಿಂದೆ ಕೂತ. ಅವಳು ಬಾನೆಟ್ ತೆರೆದಿಟ್ಟು, ಪಕ್ಕದಲ್ಲಿ ಕಂಪ್ಯೂಟರ್ ಮುಂದೆ ನಿಂತಳು. ಮೊದಲ ಸಲ ಇಂಜಿನ್ ಸಲೀಸಾಗಿ ಏರಿತು. ವೇಗ ಇಳಿದ ಮೇಲೆ ನೋಡಿದರೆ ಎಣ್ಣೆ ಅಳೆಯುವ ಕಡ್ಡಿ ತನ್ನ ಗೂಡಿನಿಂದ ಬೆರಳಷ್ಟು ಮೇಲೆದ್ದಿತ್ತು. ಪುಟ್ಟಿ ಅದನ್ನು ಒತ್ತಿ ಕೂರಿಸಿದಳು.

"ಅಣ್ಣ, ಡಬ್ಬಿಯಿಂದ ಗಾಳಿ ಹೋಗ್ತಿದೆ ತಾನೆ?"

"ಎಲ್ಲ ನೋಡಿದೀನಿ ಕಣೇ. ಹೊರಗಿನದ್ದು ನನಗೆ ಬಿಡು."

ಬಗ್ಗಿ ನೋಡಿದ್ದರೆ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ನೋಡಿಯೇ ನೋಡುತ್ತಿದ್ದಳು. ಆವತ್ತು ಅವಳ ತಲೆಯ ತುಂಬ ಒಂದೇ ಮಾತು: ಇದು ಮುಗಿದ ಕೂಡಲೆ ಹೇಳಬೇಕು, ಅಣ್ಣ ಕಾರಿನಿಂದ ಇಳಿಯುವ ಮೊದಲೇ ಹೇಳಬೇಕು.

ಎರಡನೇ ಸಲ ಅಣ್ಣ ಪೂರ್ತಿ ಒತ್ತಿದ. ಸದ್ದು ಏರಿ ಏರಿ ಎದೆಗೂಡು ನಡುಗುವಷ್ಟಾದಾಗ ಕಡ್ಡಿ ಬಾಣದ ಹಾಗೆ ಹಾರಿ ಮೇಲಿನ ಸ್ಪಂಜಿಗೆ ನಾಟಿಕೊಂಡಿತು. ಅದರ ಹಿಂದೆಯೇ ಎಣ್ಣೆ ಚಿಮ್ಮಿತು. ಕೆಂಪಗೆ ಕಾದಿದ್ದ ಟರ್ಬೋ ಮೇಲೆ ಬಿದ್ದದ್ದೇ ತಡ, ಬುಸ್ ಎಂದು ಬೆಂಕಿ.

ಪುಟ್ಟಿ ಗೋಡೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಕಿತ್ತು ತಿರುಗುವಷ್ಟರಲ್ಲಿ ಅಣ್ಣ ಇಂಜಿನ್ ನಿಲ್ಲಿಸಿ ಇಳಿದಿದ್ದ. ಇಳಿದವನು ಬಾಗಿಲ ಕಡೆ ಓಡಲಿಲ್ಲ. ನೇರವಾಗಿ ಬೆಂಕಿಯ ಕಡೆಗೇ ನುಗ್ಗಿ, ನೀಲಿ ಡಬ್ಬಿಯ ಹಿಂದೆ ಕೈ ಹಾಕಿ ಏನನ್ನೋ ತಿರುಪತೊಡಗಿದ. "ಬಿಡು ಅಣ್ಣ, ಈ ಕಡೆ ಬಾ," ಎಂದು ಅವಳು ಕೂಗುತ್ತಿದ್ದಂತೆಯೇ ಅದು ಕಳಚಿಕೊಂಡಿತು. ಒಳಗೆ ಕಟ್ಟಿಕೊಂಡಿದ್ದ ಕಾದ ಎಣ್ಣೆ ಅವನ ಎರಡೂ ಕೈ ಮೇಲೆ ಉಗಿಯಿತು, ಅದಕ್ಕೂ ಬೆಂಕಿ ತಗುಲಿತು. ಅವಳು ಕಾರಿನ ಮೇಲೆ, ಅವನ ಮೇಲೆ, ಕಣ್ಣಿಗೆ ಕಂಡದ್ದರ ಮೇಲೆಲ್ಲ ಬಿಳಿ ಪುಡಿ ಚೆಲ್ಲಿದಳು. ಸಿಲಿಂಡರು ಖಾಲಿಯಾಗಿ ಉಸ್ಸೆನ್ನುವಾಗ ಬೆಂಕಿ ಆರಿತ್ತು. ಅಷ್ಟರಲ್ಲಿ ವೈರು ಸುಟ್ಟು ಎಲ್ಲೋ ಫ್ಯೂಸು ಹಾರಿ ದೀಪವೂ ಹೋಯಿತು, ಹೊಗೆ ಎಳೆಯುವ ಫ್ಯಾನೂ ನಿಂತಿತು.

ಅವಳು ಖಾಲಿ ಸಿಲಿಂಡರನ್ನು ಕೆಳಗೆ ಹಾಕಿದಳು. ಆಮೇಲೆ ಬಾಗಿಲಿಗೆ ಹೋಗಿ, ತಿರುಗುವುದಿಲ್ಲ ಎಂದು ಗೊತ್ತಿದ್ದ ಹಿಡಿಯನ್ನೇ ತಿರುಗಿಸಿದಳು. ಭುಜ ಕೊಟ್ಟು ಗುದ್ದಿದಳು. ಸ್ಪ್ಯಾನರಿನಿಂದ ಕಿಟಕಿಗೆ ಹೊಡೆದಳು. ಒಳಪದರ ಜೇಡರ ಬಲೆಯಂತೆ ಬಿರುಕುಬಿಟ್ಟು ಹಾಗೇ ನಿಂತಿತು. ಅವಳ ಫೋನು ಹೊರಗೆ ಬೆಂಚಿನ ಮೇಲಿತ್ತು. ಅಣ್ಣನ ಫೋನು ಕಾರಿನೊಳಗೆ ಸಿಕ್ಕಿತು, ಆದರೆ ಆ ಕಬ್ಬಿಣ ಮತ್ತು ಸ್ಪಂಜಿನ ನಡುವೆ ಅದಕ್ಕೆ ಯಾವತ್ತೂ ಸಿಗ್ನಲ್ ಬಂದದ್ದಿಲ್ಲ.

ನೆಲದ ಹತ್ತಿರ, ಹೊರಗಿನ ಗಾಳಿ ಬರುವ ಒಂದು ಜಾಲರಿಯಿತ್ತು. ಅಣ್ಣನನ್ನು ಎಳೆದು ಅಲ್ಲಿಗೆ ತಂದಳು. ಇಬ್ಬರೂ ಹೊಟ್ಟೆ ಅಡಿಮಾಡಿ ಮಲಗಿ ಜಾಲರಿಗೆ ಮೂಗು ತಾಗಿಸಿಕೊಂಡರು. ಕಾರು ತೊಳೆಯಲು ಇಟ್ಟಿದ್ದ ನೀರಿನ ಬಕೆಟ್ಟು ಅಲ್ಲೇ ಇತ್ತು. ಅವನ ಕೈಗಳನ್ನು ಅದರಲ್ಲಿ ಅದ್ದಿಸಿದಳು.

"ಡಬ್ಬಿಗೆ ಏನು ಮಾಡಿದ್ದೆ?" ಎಂದು ಕೇಳಿದಳು.

"ಡಾಕ್ಟ್ರು ವಾಸನೆ ಅಂದ್ರು. ಒಳಗೆ ಕೂತ್ರೆ ಎಣ್ಣೆ ವಾಸನೆ, ತಲೆ ಸುತ್ತತ್ತೆ ಅಂದ್ರು." ಅವನು ಕೆಮ್ಮಿದ. "ಫಿಲ್ಟರು ತೆಗೆದು ಮುಚ್ಚಳ ಹಾಕ್ದೆ. ಚಿಕ್ಕ ಡಬ್ಬಿ, ಏನಾಗತ್ತೆ ಅಂದ್ಕೊಂಡೆ."

"ನನ್ನನ್ನ ಒಂದು ಮಾತು ಕೇಳಬೇಕಿತ್ತು."

"ನಿನಗ್ಯಾಕೆ ತೊಂದ್ರೆ ಅಂತ."

ಆ ಮಾತಿಗೆ ಅವಳಿಗೆ ನಗು ಬಂದಂತಾಗಿ ಕೆಮ್ಮಾಯಿತು. ಹೊಗೆ ಕೆಳಕೆಳಗೆ ಇಳಿಯುತ್ತಿತ್ತು. ಸ್ಪಂಜು ಎಲ್ಲೋ ಇನ್ನೂ ಕಮರುತ್ತಿತ್ತೇನೋ, ಗಂಟಲಿಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಆಗ ಕಿಟಕಿಯಾಚೆ ಬೆಳಕು ಅಲುಗಿತು. ಪುಟ್ಟಿ ಎದ್ದು ಬಿರುಕಿನ ಸಂದಿಯಿಂದ ನೋಡಿದಳು. ಹಲ್ಲಿನ ಡಾಕ್ಟರು ಗ್ಯಾರೇಜಿನ ಮುಂಬಾಗಿಲಲ್ಲಿ ನಿಂತಿದ್ದರು. ಒಳಗೆಲ್ಲ ಕಣ್ಣಾಡಿಸಿ ಯಾರೂ ಇಲ್ಲವೆಂದು ಫೋನು ತೆಗೆದರು. ಬೆಂಚಿನ ಮೇಲೆ ಅವಳ ಫೋನು ಬೆಳಗಿತು, ಅದುರುತ್ತಾ ಅದುರುತ್ತಾ ಬೆಂಚಿನ ಅಂಚಿಗೆ ಬಂತು. ಪುಟ್ಟಿ ಎರಡೂ ಮುಷ್ಟಿಯಿಂದ ಗಾಜು ಬಡಿದಳು, ಹೆಸರು ಹಿಡಿದು ಕೂಗಿದಳು. ಪಕ್ಕದ ಮನೆಗೆ ಸದ್ದು ಹೋಗಬಾರದೆಂದು ಅವಳೇ ನಿಂತು ಮಾಡಿಸಿದ ಕೋಣೆ ಅದು, ಮಾಡಿಸಿದವರು ಚೆನ್ನಾಗಿಯೇ ಮಾಡಿದ್ದರು. ಡಾಕ್ಟರು ಫೋನು ಜೇಬಿಗಿಟ್ಟು, ಅಲ್ಲಿದ್ದ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ನೋಡಿ, ಹೊರಟುಹೋದರು.

ಅವಳು ಬಂದು ಮತ್ತೆ ಜಾಲರಿಯ ಬಳಿ ಮಲಗಿದಳು.

"ಯಾರು?"

"ಡಾಕ್ಟ್ರು. ಹೋದ್ರು."

ಕತ್ತಲೆಯಲ್ಲಿ ಅಣ್ಣನ ಉಸಿರು ಗೊರಗೊರ ಎನ್ನುತ್ತಿತ್ತು. ಇಷ್ಟು ವರ್ಷದಲ್ಲಿ ಅವನು ಇಷ್ಟು ಹೊತ್ತು ಮಾತಾಡದೆ ಇದ್ದದ್ದನ್ನು ಅವಳು ಕಂಡಿರಲಿಲ್ಲ. ಇನ್ನು ಹೇಳದಿದ್ದರೆ ಹೇಳುವ ಗಳಿಗೆಯೇ ಸಿಗಲಿಕ್ಕಿಲ್ಲ ಅನ್ನಿಸಿತು. ತಂಡದ ಫೋನು ಬಂದದ್ದು, ತಿಂಗಳಿಂದ ನುಂಗಿಕೊಂಡದ್ದು, ಇವತ್ತೇ ಕೊನೆಯ ದಿನ ಎನ್ನುವುದು, ಎಲ್ಲವನ್ನೂ ಕೆಮ್ಮುತ್ತಾ ಕೆಮ್ಮುತ್ತಾ ಹೇಳಿದಳು. ಕೊನೆಗೆ, "ನನಗೆ ಹೋಗಬೇಕು ಅಣ್ಣ," ಅಂದಳು. "ಇಲ್ಲಿ ಏನೂ ಕಮ್ಮಿಯಾಗಿಲ್ಲ. ಆದರೂ ಹೋಗಬೇಕು."

ಅವನು ಜಾಲರಿಯಿಂದ ಮುಖವನ್ನು ಅವಳ ಕಡೆ ತಿರುಗಿಸಿ, "ಹೋಗು," ಅಂದ. ಒಮ್ಮೆ ಕೆಮ್ಮಿ, "ಹೋಗು ಪುಟ್ಟಿ. ನಾನು ತಡೆಯಲ್ಲ," ಅಂದ.

ಆ ಹೊಗೆಯಲ್ಲಿ, ಆ ಕತ್ತಲೆಯಲ್ಲಿ ಅವಳಿಗೆ ಹೂವಿನಷ್ಟು ಹಗುರವಾಯಿತು. ಅವನ ತೋಳಿನ ಮೇಲೆ ಕೈಯಿಟ್ಟುಕೊಂಡು ಮಲಗಿದಳು.

ಅತ್ತಿಗೆ ಬಂದಾಗ ಅಣ್ಣನಿಗೆ ಅರ್ಧ ಎಚ್ಚರ ತಪ್ಪಿತ್ತು. ಪಾರ್ಸೆಲನ್ನು ಬಗಲಲ್ಲಿಟ್ಟುಕೊಂಡೇ ಬಾಗಿಲು ತೆರೆದ ಅತ್ತಿಗೆ, ಹೊರಗೆ ನುಗ್ಗಿದ ಹೊಗೆಗೆ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಪಾರ್ಸೆಲ್ ಅಲ್ಲೇ ಬಿಸಾಕಿ, ಸೆರಗು ಮೂಗಿಗೆ ಕಟ್ಟಿಕೊಂಡು ಒಳಗೆ ಬಂದು, ಗಂಡನ ಎರಡೂ ಕಂಕುಳಿಗೆ ಕೈ ಕೊಟ್ಟು ಧಾನ್ಯದ ಮೂಟೆಯಂತೆ ಎಳೆದು ಹೊರಗೆ ಹಾಕಿದರು. ಅಳಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲ ಮುಗಿದು, ಅಪಾಯವಿಲ್ಲ ಎಂದು ಹೇಳಿದ ಮೇಲೆ, ಹೊರಗಿನ ಬೆಂಚಿನಲ್ಲಿ ಕೂತು ಪುಟ್ಟಿಯ ಮಡಿಲಲ್ಲಿ ಮುಖವಿಟ್ಟು ಅತ್ತರು. "ನೀನಿಲ್ದೆ ಇದ್ದಿದ್ರೆ ಏನು ಗತಿ, ನೀನಿಲ್ದೆ ಇದ್ದಿದ್ರೆ," ಎನ್ನುತ್ತಲೇ ಇದ್ದರು. ಪುಟ್ಟಿ ಅವರ ಬೆನ್ನು ಸವರಿದಳು. ಆ ಸಂಜೆ ತಂಡದ ಇಂಜಿನಿಯರಿಗೆ ಫೋನು ಮಾಡಿ, ಮನೆಯಲ್ಲಿ ಹೀಗಾಗಿದೆ, ಈಗ ಏನೂ ಹೇಳಲಾರೆ ಅಂದಳು. ಅವರು ಮರುಗಿದರು, ಆದರೆ ಕಾಯುವ ಮಾತಾಡಲಿಲ್ಲ.

ಎರಡೂ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಅಣ್ಣ ಮನೆಗೆ ಬಂದ. ಒಳಗಿನ ಕೆಲಸದ ಜೊತೆ ಹೊರಗಿನದ್ದೂ ಈಗ ಪುಟ್ಟಿಯ ಪಾಲಿಗೆ ಬಿತ್ತು. ಪೈಪು, ವೈರು, ಫೋನು, ಗಿರಾಕಿ. ಹಲ್ಲಿನ ಡಾಕ್ಟರು ಬಂದು, ತಾನೇ ವಾಸನೆಯ ದೂರು ಹೇಳಿದ್ದೆಂದು ನೊಂದುಕೊಂಡು, ತಗ್ಗಿಸಿದ ತಲೆ ಎತ್ತದೆಯೇ ಕಾರು ಯಾವಾಗ ಸಿಗಬಹುದು ಎಂದೂ ಕೇಳಿ ಹೋದರು. ಡೈನೋ ಕೋಣೆಯ ಬಾಗಿಲ ಹಿಡಿಯನ್ನು ಅವಳೇ ಬದಲಾಯಿಸಿದಳು. ಕೆಲಸ ಮುಗಿಸಿ ಮೆಟ್ಟಿಲು ಹತ್ತಿದರೆ ಅಣ್ಣನಿಗೆ ಊಟ ಮಾಡಿಸುವುದು ಒಂದು ದಿನ ಅತ್ತಿಗೆ, ಒಂದು ದಿನ ಅವಳು. ಅವನು ಬಾಯಿ ತೆರೆಯುತ್ತಿದ್ದ, ಅವಳು ತುತ್ತಿಡುತ್ತಿದ್ದಳು. ಆ ಕೋಣೆಯಲ್ಲಿ ಆಡಿದ ಮಾತಿನ ಸುದ್ದಿಯನ್ನು ಅವನು ಎತ್ತಲೇ ಇಲ್ಲ. ನೆನಪಿಲ್ಲವೇನೋ ಅಂದುಕೊಂಡಳು. ಎಚ್ಚರ ತಪ್ಪುವ ಮುಂಚೆ ಆಡಿದ ಮಾತಲ್ಲವೇ. ತನ್ನ ಕೈಯಿಂದ ಉಣ್ಣುತ್ತಿರುವ ಮನುಷ್ಯನನ್ನು, ನೀನು ಹೋಗು ಅಂದಿದ್ದೆಯಲ್ಲ ಎಂದು ಕೇಳುವುದು ಹೇಗೆ?

ಬ್ಯಾಂಡೇಜು ಬಿಚ್ಚಿದರು. ಎಡಗೈ ಮಡಚುತ್ತಿತ್ತು. ಬಲಗೈ ಬೆರಳುಗಳು ಚರ್ಮ ಬಿಗಿದುಕೊಂಡು ಅರ್ಧಕ್ಕೇ ನಿಲ್ಲುತ್ತಿದ್ದವು. ಆ ವಾರವೇ ಬೋರ್ಡು ಬರೆಯುವವನು ಬಂದು ಅಳತೆ ತೆಗೆದುಕೊಂಡ. ಪುಟ್ಟಿ ಅವನು ಹೋಗುವವರೆಗೆ ಕಾದಳು.

"ಅಣ್ಣ, ಆ ದಿನ ಒಳಗೆ ಏನು ಮಾತಾಡಿದ್ವಿ ಅಂತ ನೆನಪಿದೆಯಾ?"

ಅವನು ಗೋಡೆಯ ಮೇಲಿನ ಅಳತೆಯ ಗೆರೆಗಳನ್ನು ನೋಡುತ್ತಿದ್ದ. "ಇದೆ."

"ಹೋಗು ಅಂದಿದ್ದೆ."

"ಅಂದಿದ್ದೆ. ಇಬ್ಬರೂ ಅಲ್ಲೇ ಹೋಗ್ತೀವಿ ಅಂದ್ಕೊಂಡು ಅಂದಿದ್ದು ಪುಟ್ಟಿ. ಸಾಯೋ ಹೊತ್ತಲ್ಲಿ ನಿನ್ನ ಮನಸ್ಸು ಯಾಕೆ ಮುರೀಲಿ ಅಂತ."

ಅವಳಿಗೆ ಕೋಪ ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ. ಎಲ್ಲೋ ಆಳದಲ್ಲಿ ಅವಳಿಗೂ ಅದು ಗೊತ್ತಿತ್ತು.

"ನಾನು ಕೇಳಿದ್ದು ಬದುಕ್ತೀವಿ ಅಂದ್ಕೊಂಡು," ಅಂದಳು.

ಅವನು ಮುಖ ತಿರುಗಿಸಿ ಒಳಗೆ ಹೋದ. ಆವತ್ತು ಸಂಜೆ ಅಣ್ಣ ತಂಗಿ ಊಟಕ್ಕೆ ಕೂತರು. ಅವನು ಎಡಗೈಯಲ್ಲಿ ಚಮಚ ಹಿಡಿದು ತಾನೇ ಉಣ್ಣುತ್ತಿದ್ದ, ಅರ್ಧ ತಟ್ಟೆಯ ಹೊರಗೆ ಬೀಳುತ್ತಿತ್ತು. ಅತ್ತಿಗೆ ಇಬ್ಬರ ಮುಖವನ್ನೂ ನೋಡುತ್ತಾ ಬಡಿಸುತ್ತಿದ್ದರು. ಪುಟ್ಟಿ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು. ತಂಡಕ್ಕೆ ಮತ್ತೆ ಫೋನು ಮಾಡಿದ್ದೆ, ಆ ಜಾಗ ತುಂಬಿದೆ, ಮುಂದಿನ ರೇಸುಗಳು ಶುರುವಾಗುವ ಮೊದಲು ಇನ್ನೊಂದು ಖಾಲಿಯಾಗಬಹುದು ಅಂದಿದ್ದಾರೆ, ಖಾಲಿಯಾದರೆ ಬರುತ್ತೇನೆ ಎಂದು ಹೇಳಿದ್ದೇನೆ. ಈ ಸಲ ಅವಳು ಕೇಳಲಿಲ್ಲ, ಹೇಳಿದಳು.

ಅತ್ತಿಗೆ ಸೌಟು ಹಿಡಿದು ಹಾಗೇ ನಿಂತರು. "ಇವರ ಕೈ ಈ ಥರ ಇರೋವಾಗ?"

"ಒಪ್ಪಿಕೊಂಡ ಇಂಜಿನ್ನುಗಳನ್ನ ಮುಗಿಸಿಕೊಟ್ಟೇ ಹೋಗ್ತೀನಿ ಅತ್ತಿಗೆ."

"ಆಮೇಲೆ?"

ಅಣ್ಣ ಚಮಚ ಕೆಳಗಿಟ್ಟ. ಬೋರ್ಡಿನವನಿಗೆ ಸದ್ಯಕ್ಕೆ ಬೇಡ ಅಂತ ಹೇಳು ಎಂದು ಹೆಂಡತಿಗೆ ಹೇಳಿ ಎದ್ದುಹೋದ.

ಮರುದಿನ ಬೆಳಿಗ್ಗೆ ಅವಳು ಕೆಳಗಿಳಿದಾಗ ಅಣ್ಣ ಅವಳ ಬೆಂಚಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ. ಮುಂದೆ ಡಾಕ್ಟರ ಇಂಜಿನ್ನಿನ ಪಿಸ್ಟನ್ನುಗಳನ್ನು ಸಾಲಾಗಿ ಇಟ್ಟುಕೊಂಡಿದ್ದ.

"ರಿಂಗು ಹಾಕೋದು ತೋರಿಸು," ಅಂದ. "ಅಪ್ಪ ನನಗೂ ಹೇಳಿಕೊಟ್ಟಿದ್ದ. ನಾನೇ ಕಲೀಲಿಲ್ಲ."

ಅವನ ಬಲಗೈಯನ್ನು ನೋಡಿ ಅವಳು ಒಂದು ಪಿಸ್ಟನ್ನನ್ನು ಅವನ ಹತ್ತಿರಕ್ಕೆ ಸರಿಸಿದಳು. ರಿಂಗಿನ ಬಾಯಿ ಎಷ್ಟು ತೆರೆಯಬೇಕು, ಎಲ್ಲಿ ಹಿಡಿಯಬೇಕು, ಒಂದರ ಬಾಯಿಯ ನೇರಕ್ಕೆ ಇನ್ನೊಂದರ ಬಾಯಿ ಯಾಕೆ ಬರಬಾರದು ಎಂದು ಹೇಳಿದಳು. ಅವನು ಎಡಗೈಯಲ್ಲಿ ಪಿಸ್ಟನ್ ಒತ್ತಿ ಹಿಡಿದು, ಮಡಚದ ಬೆರಳುಗಳಿಂದ ರಿಂಗನ್ನು ಹಿಗ್ಗಿಸಿದ. ಹಣೆಯಲ್ಲಿ ಬೆವರು ಮೂಡಿತು. ಪಟ್ಟನೆ ರಿಂಗು ಎರಡು ತುಂಡಾಯಿತು.

ಅವನು ತುಂಡುಗಳನ್ನು ನೋಡುತ್ತಾ ಕೂತ. ಅವಳು ಡಬ್ಬದಿಂದ ಇನ್ನೊಂದು ತೆಗೆದು ಅವನ ಮುಂದಿಟ್ಟಳು. ಅದೂ ಮುರಿಯಿತು. ಈ ಕೈ ಇಂಜಿನ್ ಕಟ್ಟುವಂತಾಗಲು ಎಷ್ಟು ರಿಂಗು ಮುರಿಯಬೇಕೋ, ಅಲ್ಲಿಯವರೆಗೆ ತಾನು ಇಲ್ಲೇ ಹೀಗೆ ನಿಂತಿರಬೇಕೋ ಏನೋ ಎಂದು ಲೆಕ್ಕ ಹಾಕಲು ಹೊರಟು, ಹಾಕಲಾಗದೆ, ಸ್ಟೂಲೊಂದನ್ನು ಎಳೆದುಕೊಂಡು ಅವನ ಎದುರು ಕೂತಳು.

"ಅಷ್ಟು ಹಿಗ್ಗಿಸಬೇಡ ಅಣ್ಣ," ಅಂದಳು. "ಇನ್ನೊಂದು ತಗೋ."